ನೆಂಟರ ಭತ್ತ

೧೨ ನವೆಂಬರ್ ೧೯೪೫, ಸೋಮವಾರ

ಇವತ್ತು ಶಾನುಭೋಗರು ಮನೆ ಮನೆಗೂ ಬಂದು ತಲೆ ಬರೆದುಕೊಂಡು ಹೋದರು. ನಮ್ಮ ಮನೆಗೆ ಎರಡು ತಲೆ ಎಂದು ಬರೆದರು. ನಾನು ಮೂರು ಎಂದೆ. ಅವರು ಎರಡು ಎಂದರು. ಕಣ್ಣ ಮುಂದೆ ಮೂರು ಜನ ನಿಂತಿದ್ದೇವೆ: ನಾನು, ನನ್ನ ಹೆಂಡತಿ ಅಂಕಮ್ಮ, ಮಗಳು ಯಶೋದೆ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೂ ಮೂರರ ತನಕ ಎಣಿಸಲು ಬರುತ್ತದೆ ಎಂದು ಹೇಳಿದೆ.

ಈ ಲೆವಿ ಕಾನೂನು ಹೀಗಿದೆ. ಕುಯ್ಲಾದ ಮೇಲೆ ಮನೆಯಲ್ಲಿರುವ ತಲೆಯೊಂದಕ್ಕೆ ಇಷ್ಟು ಎಂದು ಊಟಕ್ಕೆ ಭತ್ತ ಬಿಡುತ್ತಾರೆ. ಬೀಜಕ್ಕೆ ಒಂದಿಷ್ಟು ಬಿಡುತ್ತಾರೆ. ಮಿಕ್ಕಿದ್ದನ್ನೆಲ್ಲ ಅವರು ಹೇಳಿದ ಬೆಲೆಗೆ ಮಂಡ್ಯದ ಗೋಡೌನಿಗೆ ಹೊತ್ತು ಹಾಕಬೇಕು. ಯುದ್ಧ ಮುಗಿಯಿತು ಎಂದು ಊರಲ್ಲೆಲ್ಲ ತಮಟೆ ಹೊಡೆಸಿದರು, ಲೆವಿ ಮಾತ್ರ ಮುಗಿಯಲಿಲ್ಲ, ಈ ವರ್ಷದಿಂದ ತಲೆ ಎಣಿಕೆ ಬೇರೆ. ಒಂದು ತಲೆ ಕಮ್ಮಿ ಬರೆದರೆ ಒಂದು ವರ್ಷದ ಅನ್ನ ಹೋಯಿತು. ಉತ್ತವನು ನಾನು, ನೀರು ಕಟ್ಟಿದವನು ನಾನು. ನನ್ನ ಭತ್ತ ನನ್ನ ಮನೆಯಲ್ಲಿ ಉಳಿಯಬೇಕು. ನನಗೆ ಬೇಕಾದದ್ದು ಅಷ್ಟೇ.

"ಮದುವೆಯಾದ ಮಗಳು ಗಂಡನ ಮನೆ ಲೆಕ್ಕ ಬೋರಯ್ಯ. ಮಳವಳ್ಳೀಲಿ ಅವಳನ್ನ ಬರೆದಿರ್ತಾರೆ. ಎರಡು ಕಡೆ ಬರೆದರೆ ನನ್ನ ತಲೆ ಹೋಗುತ್ತೆ," ಎಂದರು ಶಾನುಭೋಗರು.

"ಅಲ್ಲಿ ಬರುದ್ರೆ ಅಲ್ಲಿ ಉಂಡಾಳಾ ಸ್ವಾಮಿ? ನಮ್ಮಟ್ಟೀಲಿ ಉಣ್ಣೋಳು ನಮ್ಮಟ್ಟಿ ತಲೆ ಅಲ್ವಾ?"

"ಉಂಡವರನ್ನೆಲ್ಲ ಬರೆಯೋಕೆ ಇದೇನು ಮದುವೆ ಮನೆಯೇ?"

ಅದಕ್ಕೆ ನಾನು ಹೇಳಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಶಾನುಭೋಗರು ಪಟ್ಟಿ ಮಡಿಚಿಕೊಂಡು ಎದುರು ಮನೆಗೆ ಹೋದರು.

"ಬೀದೀಲಿ ಅರಚ್ಬ್ಯಾಡಿ," ಎಂದಳು ಅಂಕಮ್ಮ. "ಕಬ್ಬಿನ ಏಜೆಂಟು ಕೊಟ್ಟ ಡೈರಿ ಸುಮ್ನೆ ಬಿದ್ದೈತಲ್ಲ, ಅದ್ರಲ್ಲಿ ಬಯ್ಕಳಿ. ಅದು ತಿರುಗ್ಸಿ ಮಾತಾಡಕಿಲ್ಲ."

ಅದಕ್ಕೇ ಬರೆಯುತ್ತಿದ್ದೇನೆ. ಪಟ್ಟಿಗೆ ಒಂದು ತಲೆ ಸೇರಿಸುವುದೇನು ದೊಡ್ಡ ಕೆಲಸವಲ್ಲ. ಪಟೇಲ ಕೆಂಪಸಿದ್ದಯ್ಯ ನನ್ನ ಓರಗೆಯವನು. ಯಶೋದೆ ಇಲ್ಲೇ ಇದ್ದಾಳೆ ಎಂದು ಅವನ ಕೈಲಿ ಒಂದು ಗೆರೆ ಬರೆಸಿ ಕೊಟ್ಟರೆ ಮುಗಿಯಿತು.

೧೫ ನವೆಂಬರ್, ಗುರುವಾರ

ಮುಗಿಯಲಿಲ್ಲ.

ಪಟೇಲನ ಜಗುಲಿಯಲ್ಲಿ ಕುಳಿತು ವಿಷಯ ಹೇಳಿದೆ. ಅವನು ಎಲೆಗೆ ಸುಣ್ಣ ಸವರುತ್ತಾ ಪೂರ್ತಿ ಕೇಳಿದ. ಕೇಳಿ, ಬಾಯಿಗೆ ಎಲೆ ಹಾಕಿಕೊಂಡು, ಅಗಿದು, ಆಮೇಲೆ ಹೇಳಿದ.

"ಯಸೋದಿ ಇಲ್ಲೇ ಅವ್ಳೆ ಅಂತ ನಾನೆಂಗ್ಲಾ ಬರ್ಕೊಡ್ಲಿ? ಗೌರಿ ಅಬ್ಬ ಆದ್ಮೇಲೆ ಗಂಡನ್ ಮನೆಗೆ ಕಳುಸ್ದಲ್ಲ ನೀನು. ನಿನ್ ಗಾಡಿ ಓಗ್ಲಿ ಅಂತ ನನ್ ಗಾಡಿ ನಾನೇ ಪಕ್ಕುಕ್ ಎಳ್ದೀವ್ನಿ."

"ಆಮ್ಯಾಕೆ ಬಂದ್ಲಲ್ಲ."

"ಬಂದ್ಲು. ತವರಿಗೆ ಬರ್ಬಾರ್ದು ಅಂತ ಯಾರಂದ್ರು? ಬರೋ ವರ್ಸ ತಿರ್ಗಾ ಕಳುಸ್ತೀಯ. ನಾಕು ವರ್ಸದಿಂದ ನೀನು ಕಳುಸ್ತಾ ಇದ್ದೀಯ, ನಾನು ನೋಡ್ತಾ ಇವ್ನಿ. ಸರ್ಕಾರಕ್ಕೆ ಬರ್ಯೋದಾದ್ರೆ ನೋಡಿದ್ದೇ ಬರೀಬೇಕು ಕಣ್ಲಾ ಬೋರ."

ಟವಲು ಕೊಡವಿಕೊಂಡು ಎದ್ದು ಬಂದೆ. ಯಾಕೆಂದರೆ ಆ ಏರ್ಪಾಟು ನನ್ನದೇ.

ಮಳವಳ್ಳಿಯ ಅಳಿಯ ಹೊನ್ನಯ್ಯ, ಮಕ್ಕಳಾಗಲಿಲ್ಲ ಎಂದು ಎರಡನೆಯವಳನ್ನು ತಂದ ವರ್ಷ ಯಶೋದೆ ಒಂದು ಟ್ರಂಕು ಹಿಡಿದುಕೊಂಡು ಬಂದಳು. ಬಂದವಳು ಹೋಗಲಿಲ್ಲ. ಗಂಡ ಬಿಟ್ಟವಳು ಎಂದು ಊರು ಬಾಯಿ ಹಾಕುವ ಮೊದಲೇ ನಾನು ದಾರಿ ಕಂಡುಕೊಂಡೆ. ಗೌರಿ ಹಬ್ಬಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳನ್ನು ಎಲ್ಲರೂ ಕಳಿಸುವ ವಾರದಲ್ಲೇ ನಾನೂ ಇವಳನ್ನು ಕಳಿಸುತ್ತೇನೆ. ಅಂಕಮ್ಮ ಬೀದಿಗೆಲ್ಲ ಕಾಣುವಂತೆ ಜಗುಲಿಯ ಮೇಲೆ ಕೂರಿಸಿ ಮಡಿಲು ತುಂಬುತ್ತಾಳೆ: ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ. ಮಡಿಲಕ್ಕಿ ಕಟ್ಟಿಕೊಂಡ ಹೆಣ್ಣು ಗಂಡನ ಮನೆಗೆ ಹೊರಟಳು ಎಂದೇ ಅರ್ಥ, ಯಾರೂ ಕೇಳುವ ಹಾಗಿಲ್ಲ. ಎತ್ತಿನ ಕೊರಳಿಗೆ ಗೆಜ್ಜೆ ಕಟ್ಟಿ ನಡುಬೀದಿಯಲ್ಲೇ ಗಾಡಿ ಹೊಡೆಯುತ್ತೇನೆ. ಗಾಡಿ ಹೋಗುವುದು ಮದ್ದೂರಿಗೆ, ನನ್ನ ತಂಗಿ ಪಟ್ಟಲಮ್ಮನ ಮನೆಗೆ. ಅಲ್ಲಿ ಒಂದಷ್ಟು ದಿನ ಇದ್ದು, ದಸರಾ ಹೊತ್ತಿಗೆ, ಅಪ್ಪನಿಗೆ ಮೈ ಸರಿಯಿಲ್ಲವಂತೆ ಎಂದು ಹೇಳಿಕೊಂಡು ಯಶೋದೆ ವಾಪಸ್ಸು ಬರುತ್ತಾಳೆ. ಹಾಗಾಗಿ ಪ್ರತಿ ದಸರೆಗೂ ನನಗೆ ಮೈ ಸರಿಯಿರುವುದಿಲ್ಲ.

ಒಳ್ಳೆಯ ಏರ್ಪಾಟು. ಈಗಲೂ ಒಳ್ಳೆಯದೇ ಅನ್ನುತ್ತೇನೆ. ಸರ್ಕಾರ ತಲೆ ಎಣಿಸುತ್ತದೆ ಎಂದು ಯಾರಿಗೆ ಗೊತ್ತಿತ್ತು?

೨೦ ನವೆಂಬರ್, ಮಂಗಳವಾರ

ಮಂಡ್ಯಕ್ಕೆ ಹೋಗಿ ಅಮಲ್ದಾರರಿಗೆ ಅರ್ಜಿ ಬರೆಸಿಕೊಂಡು ಬಂದೆ. ಬರೆದವನ ಕನ್ನಡ ನನಗೆ ಅರ್ಧ ಅರ್ಥವಾಗಲಿಲ್ಲ. ಯಶೋದೆ ಓದಿ ಹೇಳಿದಳು. ನನಗಿಂತ ಒಂದು ಕ್ಲಾಸು ಜಾಸ್ತಿ ಓದಿದ್ದಾಳೆ, ಅದನ್ನು ತೋರಿಸಿಕೊಳ್ಳದೆ ಬಿಡುವುದಿಲ್ಲ.

"ಅಪ್ಪ, ಇಲ್ಲಿ 'ಸದರಿ ಅರ್ಜಿದಾರನ ಪೋಷಣೆಯಲ್ಲಿರುವ ಮಗಳು' ಅಂತ ಐತೆ."

"ಇರ್ಲಿ. ಅಂಗಂದ್ರೇನು?"

"ನೀವು ಸಾಕ್ತಾ ಇದ್ದೀರಿ ಅಂತ."

"ಸರಿಯಾಗೇ ಬರ್ದವ್ನಲ್ಲ."

ಅವಳು ಕಾಗದ ಮಡಿಚಿ ಕೊಟ್ಟು, ಕುಡುಗೋಲು ತೆಗೆದುಕೊಂಡು ಗದ್ದೆಗೆ ಹೋದಳು. ಅವಳದು ಅದೊಂದು ಚಾಳಿ. ಮಾತು ಮುಗಿಯುವ ಮೊದಲೇ ಕೆಲಸಕ್ಕೆ ಎದ್ದು ಹೋಗುತ್ತಾಳೆ.

೨೭ ನವೆಂಬರ್, ಮಂಗಳವಾರ

ಇವತ್ತು ನಾಲೆ ನೀರಿನ ನಮ್ಮ ಸರದಿ. ಹಿಂದಲ ಕೆರೆಗದ್ದೆ ಕಾಳು ಬಲಿಯುತ್ತಿದೆ, ಇದೇ ಕೊನೆಯ ನೀರು. ನನಗೆ ಕೆಮ್ಮು. ಯಶೋದೆ ತೂಬಿನ ಹತ್ತಿರ ಗುದ್ದಲಿ ಊರಿಕೊಂಡು ನಿಂತಳು. ಮೇಲಿನ ಗದ್ದೆಯವನು ಕಾಲುವೆಗೆ ಹೆಂಟೆ ಕೊಟ್ಟು ನೀರು ತಿರುಗಿಸಿಕೊಂಡನಂತೆ. ಇವಳು ಹೋಗಿ ಹೆಂಟೆ ಕಿತ್ತು ಅವನ ಬದುವಿನ ಮೇಲೇ ಇಟ್ಟು, "ಅಣ್ಣ, ನಿಮ್ದು ಇಲ್ ಬಿದ್ದಿತ್ತು, ತಕಳಿ," ಎಂದಳಂತೆ. ಅವನೇ ಬಂದು ನನ್ನ ಹತ್ತಿರ ದೂರು ಹೇಳಿದ. ನಾನು ಕೆಮ್ಮಿದೆ.

ಕಚೇರಿಗೆ ಕೊಟ್ಟು ಬಂದ ಅರ್ಜಿಗೆ ಜವಾಬು ಬಂದಿಲ್ಲ.

೩ ಡಿಸೆಂಬರ್, ಸೋಮವಾರ

ಸರ್ಕಾರವನ್ನು ಕಾಯುತ್ತಾ ಕೂರುವ ಜಾತಿಯಲ್ಲ ನಾನು. ಮಳವಳ್ಳಿಯವರು ಅವಳ ಹೆಸರು ತೆಗೆದರೆ ಶಾನುಭೋಗರು ಇಲ್ಲಿ ಬರೆಯಲೇಬೇಕು. ಹೊನ್ನಯ್ಯನನ್ನೇ ಕೇಳೋಣ ಎಂದು ಹೊರಟೆ. ಮದ್ದೂರಿನಿಂದ ಪೆಟ್ರೋಲಿನ ಬದಲು ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು. ಏರು ಬಂದ ಕಡೆಯಲ್ಲೆಲ್ಲ ಇಳಿದು ತಳ್ಳಬೇಕು. ದುಡ್ಡು ಕೊಟ್ಟು ಬಸ್ಸನ್ನು ನಾನೇ ಮಳವಳ್ಳಿಗೆ ಕರೆದುಕೊಂಡು ಹೋದ ಹಾಗಾಯಿತು.

ಹೊನ್ನಯ್ಯನ ಎರಡನೆಯ ಹೆಂಡತಿ ನೀರು ಕೊಟ್ಟಳು, ಮಜ್ಜಿಗೆ ಕೊಟ್ಟಳು. ಕಂಕುಳಲ್ಲಿ ಒಂದು ಗಂಡು ಮಗು. ಅವಳಿಗೆ ನಾಲ್ಕು ಮಾತು ಅನ್ನಬೇಕೆಂದು ಬಸ್ಸು ತಳ್ಳುವಾಗ ಜೋಡಿಸಿಟ್ಟುಕೊಂಡಿದ್ದೆ. ಮಜ್ಜಿಗೆ ಚೆನ್ನಾಗಿತ್ತು. ಅನ್ನಲಿಲ್ಲ.

"ಎಸ್ರು ತೆಗುಸು ಅಂದ್ರೆ ಎಂಗೆ ಮಾವ?" ಎಂದ ಹೊನ್ನಯ್ಯ. "ನಾನು ಅವ್ಳ ಬುಟ್ಟಂಗೆ ಆಗಕಿಲ್ವಾ? ಕಟ್ಕಂಡೋಳ ನಾನು ಬುಟ್ಟಿಲ್ಲ."

"ಬುಟ್ಟಿಲ್ದೋನು ಒಂದ್ ದಪ ಬಂದು ಕರುದ್ಯೇನ್ಲಾ?"

"ನೀವೇ ವರ್ಸ ವರ್ಸ ಮಡಿಲು ತುಂಬಿ ಗಾಡೀಲಿ ಕಳುಸ್ತಾ ಇದ್ರಂತಲ್ಲ. ಇವತ್ ಬತ್ತದೆ ನಾಳೆ ಬತ್ತದೆ ಅಂತ ನಾನೂ ಕಾಯ್ತಾ ಇವ್ನಿ. ಎತ್ತು ದಾರಿ ತೆಪ್ಪುಸ್ಕತ್ತವೇನೋ."

ಅವನಿಗೂ ಗೊತ್ತು. ಸಿಟ್ಟು ನೆತ್ತಿಗೇರಿತು. ಆದರೂ ತಡೆದುಕೊಂಡೆ, ಯಾಕೆಂದರೆ ಆಮೇಲೆ ಅವನು ಕೆಲಸಕ್ಕೆ ಬರುವ ಮಾತಾಡಿದ. ಪಟ್ಟಿಯಲ್ಲಿ ಬರೆಸಿದ ತಲೆಗಳೆಲ್ಲ ಮನೆಯಲ್ಲಿ ಇವೆಯೋ ಇಲ್ಲವೋ ಎಂದು ನೋಡಲು ಮುಂದಿನ ವಾರ ಅವರ ಊರಿಗೆ ಶೇಕ್‌ದಾರರು ಬರುತ್ತಾರಂತೆ. ಇಲ್ಲದ ತಲೆ ಬರೆಸಿದವರಿಗೆ ದಂಡವಂತೆ. "ಒಂದ್ವಾರ ಕಳುಸ್ಕೊಡಿ ಮಾವ. ಎಣಿಸ್ಕಂಡ್ ಓಗ್ಲಿ. ಅವ್ಳ ಪಾಲಿನ್ ಬತ್ತದಲ್ಲಿ ಅರ್ಧ ನಿಮ್ಗೆ."

ಮುಕ್ಕಾಲು ಎಂದೆ. ಒಪ್ಪಿದ.

ಭತ್ತ ಬಂತಲ್ಲ, ಯಾವ ಊರ ಪಟ್ಟಿಯಿಂದ ಬಂದರೇನು? ಅಮಲ್ದಾರರೂ ಬೇಡ, ಪಟೇಲನೂ ಬೇಡ. ವ್ಯವಹಾರ ಅಂದರೆ ಹೀಗೆ ಮಾಡಬೇಕು. ವಾಪಸ್ಸು ಬರುವಾಗ ಬಸ್ಸು ತಳ್ಳಿದ್ದೇ ಗೊತ್ತಾಗಲಿಲ್ಲ.

೪ ಡಿಸೆಂಬರ್, ಮಂಗಳವಾರ

ಯಶೋದೆಗೆ ಹೇಳಿದೆ. ಅವಳು ಹೊರೆ ಕಟ್ಟಲು ಹುಲ್ಲಿನ ಹುರಿ ಹೊಸೆಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಅಲ್ ಓದ್ರೆ ಎಲ್ ಮಲೀಕಳ್ಳಿ ಅಪ್ಪ?"

"ಅಂಗಂದ್ರೆ?"

"ಅವ್ರ ಅಟ್ಟೀಲಿ ಇರೋದು ಒಂದೇ ಕ್ವಾಣೆ."

ಒಂದು ವಾರಕ್ಕೆ ಅದೆಲ್ಲ ಕೇಳುವ ಮಾತೇ ಎಂದು ರೇಗಿದೆ. ಅವಳು, "ಸರಿ ಬುಡಿ, ಎಣಿಸಾಕೆ ತಾನೆ. ದನಾನೂ ಎಣಿಸ್ತಾರೆ. ಓಯ್ತೀನಿ," ಎಂದಳು.

ಒಪ್ಪಿದಳು. ಒಪ್ಪಿದ ಮೇಲೆ ಅಂಕಮ್ಮ ಯಾಕೆ ಮುಖ ಊದಿಸಿಕೊಳ್ಳಬೇಕು?

೭ ಡಿಸೆಂಬರ್, ಶುಕ್ರವಾರ

ಸಾರಿಗೆ ಉಪ್ಪಿಲ್ಲ. ಕೇಳಿದರೆ, "ಉಪ್ಪು ಅಲ್ಲೇ ಐತಲ್ಲ, ಆಕ್ಕಳಿ," ಅನ್ನುತ್ತಾಳೆ ಅಂಕಮ್ಮ.

೧೦ ಡಿಸೆಂಬರ್, ಸೋಮವಾರ

ಹೊರಡುವ ದಿನ. ಗಾಡಿ ಕಟ್ಟಿದೆ. ಯಶೋದೆ ಟ್ರಂಕು ತಂದಿಟ್ಟಳು. ಅಂಕಮ್ಮನಿಗೆ ಮಡಿಲು ತುಂಬು ಎಂದೆ. ಅವಳು ಒಲೆಯ ಮುಂದಿನಿಂದ ಏಳಲಿಲ್ಲ.

"ತುಂಬಕಿಲ್ಲ."

"ಯಾಕೆ?"

"ಮದ್ದೂರ್ಗೆ ಅಂತ ನಾಕು ವರ್ಸ ತುಂಬೀವ್ನಿ, ಆಟ ಅಂತ ತುಂಬೀವ್ನಿ. ಇದು ಮಳವಳ್ಳಿ. ನಾನು ಮಡಿಲು ತುಂಬಿ ಆ ಒಂದ್ ಕ್ವಾಣೆ ಅಟ್ಟಿಗೆ ಕಳುಸ್ಬುಟ್ರೆ ಅಲ್ಲಿಗೆ ಮುಗೀತು. ಆಮ್ಯಾಕೆ ಬಾ ಅನ್ನಾಕೆ ನಂಗೆ ಬಾಯಿರಾಕಿಲ್ಲ. ಬೇಕಾದ್ರೆ ನೀವೇ ತುಂಬ್ಕಳಿ."

ಗಂಡಸು ಮಡಿಲು ತುಂಬುವುದುಂಟೇ? ಬರಿಯ ಮಡಿಲಲ್ಲೇ ಗಾಡಿ ಹತ್ತಿಸಿದೆ. ಬೀದಿಯವರೆಲ್ಲ ನೋಡಿದರು. ಈ ಸಲ ಯಾರೂ ಗಾಡಿಗೆ ದಾರಿ ಬಿಡಲಿಲ್ಲ, ನಾನೇ ಸುತ್ತಿಕೊಂಡು ಹೋದೆ.

ನಾಲೆಯ ಸೇತುವೆ ದಾಟಿದೆವು. ಯಶೋದೆ ಹಿಂದೆ ಕುಳಿತು ಎರಡು ಕಡೆಯ ಗದ್ದೆ ನೋಡುತ್ತಿದ್ದಳು. "ಕೆರೆಗದ್ದೆ ಗುರುವಾರ ಕುಯ್ಸಿ ಅಪ್ಪ, ತಡ ಮಾಡುದ್ರೆ ಕಾಳು ಉದುರ್ತದೆ. ಆಳ್ಗುಳ್ಗೆ ಯೋಳೀವ್ನಿ, ನೀವು ಬಯ್ಯದೆ ಇದ್ರೆ ಬತ್ತಾರೆ," ಎಂದಳು. ನಾನು ಹ್ಞೂಂ ಎಂದೆ. ಸ್ವಲ್ಪ ದೂರ ಹೋದ ಮೇಲೆ, "ಬೂದಿ ಎಮ್ಮೆ ಎಡಗಡೆ ಕೂತ್ರೆ ಒದಿತದೆ, ಬಲಗಡೆ ಕೂತ್ಕಂಡು ಕರೀರಿ ಅಂತ ಅವ್ವಂಗೆ ಯೋಳಿ," ಎಂದಳು.

ಅಷ್ಟರಲ್ಲಿ ಬಲಗಡೆ ಎತ್ತು ಕುಂಟಿತು. ಕುಂಟುವ ಎತ್ತು ಹೊಡೆದುಕೊಂಡು ಮದ್ದೂರಿನ ತನಕ ಹೋಗಿ ಬಸ್ಸು ಹಿಡಿಯುವುದು ಆಗದ ಮಾತು. ಗಾಡಿ ತಿರುಗಿಸಿದೆ.

೧೧ ಡಿಸೆಂಬರ್, ಮಂಗಳವಾರ

ಎತ್ತು ಇವತ್ತು ಹೊರೆ ಎಳೆಯಿತು. ಗುಣವಾಗಿದೆ.

ಸಾರಿಗೆ ಉಪ್ಪು ಸರಿಯಾಗಿತ್ತು.

೨೦ ಡಿಸೆಂಬರ್, ಗುರುವಾರ

ಕಣದಲ್ಲಿ ಬಡಿಯುತ್ತಿದ್ದಾಗ ಹೊನ್ನಯ್ಯ ಬಂದ. ಶೇಕ್‌ದಾರರು ಬಂದು ಹೋದರಂತೆ. ಹೆಂಡತಿ ತವರಿಗೆ ನೆಂಟಳಾಗಿ ಹೋಗಿದ್ದಾಳೆ ಎಂದು ಹೇಳಿ ಹೇಗೋ ದಂಡ ತಪ್ಪಿಸಿಕೊಂಡನಂತೆ.

"ಮಾತು ಕೊಟ್ಟಿದ್ರಲ್ಲ ಮಾವ."

"ಎತ್ತು ಕುಂಟ್ತು."

"ಬಸ್ಸು ಕುಂಟ್ಲಿಲ್ವಲ್ಲ."

ಆಳುಗಳೆಲ್ಲ ನಕ್ಕರು. ಯಶೋದೆ ಭತ್ತ ತೂರುತ್ತಿದ್ದವಳು ಮೊರ ಇಳಿಸಲಿಲ್ಲ, ಗಾಳಿ ಬಿಟ್ಟರೆ ಮತ್ತೆ ಸಿಗುವುದಿಲ್ಲ. ಹೊನ್ನಯ್ಯ ಅವಳ ಕಡೆ ನೋಡುತ್ತಾ ಒಂದು ಗಳಿಗೆ ನಿಂತ. ಭತ್ತದ ಹೊಟ್ಟು ಹಾರಿ ಅವನ ಪಂಚೆಯ ಮೇಲೆ ಬಿತ್ತು. "ನೀವು ಅರ್ಜಿ ಆಕ್ಕಂಡಿದ್ದೀರಂತೆ. ನಾನೂ ತಕ್ರಾರು ಆಕ್ತೀನಿ. ಊರೋರ್ ಮುಂದೆ ಎಡ್ತಿ ಬುಟ್ಟೋನು ಅಂತ ಅನ್ನುಸ್ಕಳಕ್ಕೆ ನಂಗಿಷ್ಟ ಇಲ್ಲ," ಎಂದು ಹೇಳಿ ಹೋದ.

ಹಾಕಲಿ. ಭತ್ತ ನನ್ನದು, ಕಣ ನನ್ನದು.

೯ ಜನವರಿ ೧೯೪೬, ಬುಧವಾರ

ಅಮಲ್ದಾರ ಕಚೇರಿಯಿಂದ ಕಾಗದ ಬಂತು. ಹದಿನೇಳಕ್ಕೆ ವಿಚಾರಣೆ. ಅರ್ಜಿದಾರ, ಮಗಳು, ಪಟೇಲ, ಅಳಿಯ ಎಲ್ಲರೂ ಬರಬೇಕಂತೆ. ಪಟೇಲ ದಾರಿಯಲ್ಲಿ ಸಿಕ್ಕಿ, "ನಾನು ನೋಡಿದ್ದೇ ಯೋಳೋದು ಕಣ್ಲಾ, ಬ್ಯಾಸರ ಮಾಡ್ಕಬ್ಯಾಡ," ಎಂದ. ನಿನ್ನ ಕಣ್ಣು ನಿನ್ನ ಮುಖದಲ್ಲಿದೆ, ಇಷ್ಟ ಬಂದದ್ದು ನೋಡಿಕೋ ಎಂದೆ.

ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಬಣ್ಣ ತರಬೇಕು.

೧೭ ಜನವರಿ, ಗುರುವಾರ

ಇದನ್ನು ಸರಿಯಾಗಿ ಬರೆದಿಡಬೇಕು.

ನಾನು, ಯಶೋದೆ, ಪಟೇಲ ಒಂದೇ ಗಾಡಿಯಲ್ಲಿ ಮಂಡ್ಯಕ್ಕೆ ಹೋದೆವು. ನನ್ನ ವಿರುದ್ಧ ಸಾಕ್ಷಿ ಹೇಳುವವನನ್ನು ನಾನೇ ಕೂರಿಸಿಕೊಂಡು ಹೋದೆ. ಅವನ ಗಾಡಿಯ ಅಚ್ಚು ಮುರಿದಿತ್ತು. ಬಿಟ್ಟು ಹೋಗುವುದು ಸರಿಯಲ್ಲ.

ಅಮಲ್ದಾರರು ಹೊಸಬರು, ಚಿಕ್ಕ ವಯಸ್ಸು, ಮೀಸೆ ಇನ್ನೂ ಕುದುರಿಲ್ಲ. ಆದರೆ ಮಾತು ಗಟ್ಟಿ. ಅರ್ಜಿ ಓದಿಸಿದರು. ಪಟೇಲನನ್ನು ಕೇಳಿದರು. ಅವನು ಹೇಳಿದ: ನಾಲ್ಕು ವರ್ಷ ನಾಲ್ಕು ಸಲ ಜಗುಲಿಯಲ್ಲಿ ಮಡಿಲು ತುಂಬಿದರು, ಗೆಜ್ಜೆ ಗಾಡಿಯಲ್ಲಿ ಕಳಿಸಿದರು, ಊರೆಲ್ಲ ನೋಡಿದೆ. ಹೊನ್ನಯ್ಯನನ್ನು ಕೇಳಿದರು. ಅವಳು ನನ್ನ ಹೆಂಡತಿ, ನಾನು ಬಿಟ್ಟಿಲ್ಲ, ಪಟ್ಟಿಯಲ್ಲಿ ಹೆಸರಿದೆ ಎಂದ.

ಅಮಲ್ದಾರರು ಪಟ್ಟಿ ಮುಚ್ಚಿ ನನ್ನ ಕಡೆ ತಿರುಗಿದರು. "ಬೋರಯ್ಯ, ನಿನಗೆ ಬೇಕಾಗಿರೋದು ಭತ್ತ ತಾನೇ? ಜಗಳ ಯಾಕೆ? ಕುಯ್ಲಿನ ಕಾಲದಲ್ಲಿ ಮನೆಯಲ್ಲಿ ಉಳಿದಿರೋ ನೆಂಟರಿಗೆ ಅಂತ ಭತ್ತ ಬಿಡೋಕೆ ನನಗೆ ಅಧಿಕಾರ ಇದೆ. ಮಗಳು ನೆಂಟಳಾಗಿ ಬಂದಿದ್ದಾಳೆ ಅಂತ ಒಂದು ಹೇಳಿಕೆಗೆ ಸಹಿ ಹಾಕು. ಅವಳ ಪಾಲಿನ ಭತ್ತ ಪೂರ್ತಿ ನಿನ್ನ ಮನೆಯಲ್ಲೇ ಇರಲಿ. ಮಳವಳ್ಳಿ ಪಟ್ಟೀನೂ ಮುಟ್ಟೋದು ಬೇಡ, ನಿನ್ನ ಅಳಿಯನಿಗೂ ತೊಂದರೆ ಇಲ್ಲ."

ಹೊನ್ನಯ್ಯ ತಲೆ ಆಡಿಸಿದ. ಪಟೇಲ ನನ್ನ ಪಕ್ಕೆಗೆ ತಿವಿದು, "ದ್ಯಾವ್ರಂತ ಮಾತು, ಒತ್ಲಾ ರುಜು," ಎಂದ. ಗುಮಾಸ್ತ ಹೇಳಿಕೆ ಬರೆದು ನನ್ನ ಮುಂದಿಟ್ಟು ಪೆನ್ನು ಕೊಟ್ಟ. ನಾನು ಕೇಳಿದ್ದೆಲ್ಲ ಸಿಕ್ಕಿತ್ತು. ಮುಕ್ಕಾಲಲ್ಲ, ಪೂರ್ತಿ.

ಅಮಲ್ದಾರರು ಶಾಸ್ತ್ರಕ್ಕೆಂದು ಯಶೋದೆಯನ್ನೂ ಕೇಳಿದರು. "ಏನಮ್ಮ, ತಂದೆಯ ಮನೆಗೆ ನೆಂಟಳಾಗಿ ಬಂದಿದ್ದೀಯ ಅಲ್ಲವೇ?"

ಅವಳು ಕಂಬದ ಪಕ್ಕ ನಿಂತಿದ್ದಳು. ಸೆರಗು ಸರಿಮಾಡಿಕೊಂಡಳು. "ನೀರಿನ್ ಸರದಿ ದಿನ ನಾಲೆ ತೂಬಿನ್ ತಾವ ಗುದ್ಲಿ ಇಡ್ಕಂಡು ನಿಂತ್ಕಳೋಳು ನಾನು ಸ್ವಾಮಿ. ನೆಂಟ್ರು ನಿಂತ್ಕತಾರಾ? ಗೊತ್ತಿಲ್ಲ. ನಮ್ಮಪ್ಪ ಎಂಗೆ ಬರುಸ್ತಾರೋ ಅಂಗೇ ಬರ್ಕಳಿ." ಅಷ್ಟು ಹೇಳಿ ಕಿಟಕಿಯ ಕಡೆ ನೋಡುತ್ತಾ ನಿಂತಳು.

ಪೆನ್ನಿನ ಮಸಿ ಸರಿಯಾಗಿ ಇಳಿಯಲಿಲ್ಲ. ಕೆಳಗಿಟ್ಟೆ.

"ಏನಯ್ಯಾ?"

"ಇದು ಸುಳ್ಳು ಸ್ವಾಮಿ. ನೆಂಟ್ರು ಅಂತ ರುಜು ಆಕಕಿಲ್ಲ."

"ನೀನೇ ಮಡಿಲು ತುಂಬಿ ಕಳಿಸಿದ್ದೀಯಲ್ಲಯ್ಯ."

"ಕಳುಸ್ನಿಲ್ಲ. ಗಾಡಿ ಮಳವಳ್ಳಿಗೆ ಓಗ್ತಾನೇ ಇರ್ಲಿಲ್ಲ. ಮದ್ದೂರ್ಗೆ ಓಗದು, ನನ್ ತಂಗಿ ಅಟ್ಟಿಗೆ. ಅಲ್ಲಿ ನಾಕ್ ದಿನ ಇದ್ದು ವಾಪಸ್ ಬರದು. ಗಂಡ ಬುಟ್ಟೋಳು ಅಂತ ಊರೋರ್ ಅಂದಾರು ಅಂತ ನಾನು ಕಟ್ಟಿದ್ ಆಟ. ಗೆಜ್ಜೆ ನಂದು, ಗಾಡಿ ನಂದು, ಸುಳ್ಳೂ ನಂದೇ. ಅವ್ಳು ನಾಕು ವರ್ಸದಿಂದ ನಮ್ಮಟ್ಟೀಲೇ ಅವ್ಳೆ. ಬಂದೋಳಲ್ಲ, ಇರೋಳು."

ಕಚೇರಿಯಲ್ಲಿ ಜನ ಇದ್ದರು. ಹೊಳಲಿನವರು, ಬಸರಾಳಿನವರು, ಗೊತ್ತಿದ್ದವರೇ ಎಷ್ಟೋ ಜನ. ಒಬ್ಬ ಕಿಸಕ್ಕನೆ ನಕ್ಕ. ನಾನು ತಿರುಗಿ ನೋಡಿದೆ. ಅವನು ಸೀನಿದ ಹಾಗೆ ಮಾಡಿದ.

ಅಮಲ್ದಾರರು ಪಟೇಲನನ್ನು ನೋಡಿದರು. "ಏನು ಪಟೇಲರೇ, ಹೀಗಂತಾನಲ್ಲ ಇವನು?"

ಕೆಂಪಸಿದ್ದಯ್ಯ ರುಮಾಲು ತೆಗೆದು ಮತ್ತೆ ಇಟ್ಟುಕೊಂಡ. "ಗಾಡಿ ಓಗಿದ್ ನೋಡೀವ್ನಿ ಅಂತ ಯೋಳ್ದೆ ಬುದ್ಧಿ. ಅದು ದಿಟ. ತಿರ್ಕಂಡ್ ಬಂದಿದ್ದೂ ನೋಡೀವ್ನಿ. ಮದ್ದೂರ್ ಸಂತೇಲಿ ಯಸೋದಿ ಅವ್ಳ ಅತ್ತೆ ಜೊತೇಲಿ ಸೊಪ್ಪು ಕೊಳ್ಳೋದ್ನೂ ನೋಡೀವ್ನಿ. ಊರೆಲ್ಲಾ ನೋಡೈತೆ. ಬೋರ ಯೋಳ್ಕಳ್ಳಿಲ್ಲ, ನಾವು ಕೇಳ್ನಿಲ್ಲ. ಅವ್ನೇ ಬಾಯ್ ಬುಟ್ಮೇಲೆ ನಂದೇನೈತೆ."

ಎಲ್ಲರಿಗೂ ಗೊತ್ತಿತ್ತಂತೆ. ಇಷ್ಟು ವರ್ಷ ನನ್ನ ಗಾಡಿಗೆ ದಾರಿ ಬಿಟ್ಟು ನಿಂತವರಿಗೆಲ್ಲ ಗೊತ್ತಿತ್ತಂತೆ.

ಅಮಲ್ದಾರರಿಗೆ ಸಿಟ್ಟು ಬಂದಿತ್ತು. "ನೋಡಯ್ಯ, ಮಳವಳ್ಳಿ ಪಟ್ಟಿ ಮುಗಿದು ಮೇಲಕ್ಕೆ ಹೋಗಿದೆ. ಈ ವರ್ಷ ತೆಗೆಯೋಕಾಗಲ್ಲ. ನೆಂಟಳಲ್ಲ ಅಂದರೆ ನೆಂಟರ ಭತ್ತ ಇಲ್ಲ. ಬರುವ ವರ್ಷದಿಂದ ನಿನ್ನ ಮನೆಯ ತಲೆ ಅಂತ ಬರೆಯಬಹುದು. ಈ ವರ್ಷ ಅವಳ ಪಾಲನ್ನೂ ಲೆವಿಗೆ ಹಾಕಬೇಕಾಗುತ್ತೆ. ಯೋಚನೆ ಮಾಡಿ ಹೇಳು."

"ಯೋಚ್ನೆ ಮಾಡೋ ಅಬ್ಯಾಸ ನಂಗಿಲ್ಲ ಸ್ವಾಮಿ. ಬರ್ಕಳಿ."

ಬರೆದುಕೊಂಡರು. ಗುಮಾಸ್ತ 'ಬೋರಯ್ಯನ ಪೋಷಣೆಯಲ್ಲಿರುವ' ಎಂದು ಶುರುಮಾಡಿದ. ಅದನ್ನು ಹೊಡೆಸಿ ಹಾಕಿದೆ. "ಅವ್ಳ ನಾನು ಸಾಕ್ತಾ ಇಲ್ಲ. ಗೇಯ್ತಾಳೆ, ಉಣ್ತಾಳೆ. ಮನೆಯೋರು ಅಂತ ಬರೀರಿ ಸಾಕು." ಸರ್ಕಾರದ ಕಾಗದದಲ್ಲಿ ತಪ್ಪು ಇರಬಾರದು.

ಹೊರಗೆ ಬಂದಾಗ ಹೊನ್ನಯ್ಯ ಹುಣಸೆ ಮರದ ಕೆಳಗೆ ನಿಂತಿದ್ದ. ಹೊಡೆಯಲು ಬರುತ್ತಾನೆ ಎಂದುಕೊಂಡೆ, ನಾನೂ ಸಿದ್ಧವಾಗೇ ಇದ್ದೆ. ಅವನು ಯಶೋದೆಯ ಹತ್ತಿರ ಬಂದು, "ಚೆಂದಾಗಿದ್ದೀಯಾ?" ಎಂದ.

"ಇವ್ನಿ. ಮಗ ಎಂಗವ್ನೆ?"

"ಅಲ್ಲು ಬತ್ತಾವೆ. ಅದ್ಕೇ ಅಳ್ತಾನೆ."

"ಬಜೆ ತೇದು ನೆಕ್ಕುಸಿ."

ಅವನು ಹ್ಞೂಂ ಎಂದು ಬಸ್ಸಿನ ಕಡೆ ಹೋದ. ಅವಳು ಎತ್ತುಗಳಿಗೆ ನೀರು ಕುಡಿಸಲು ಹೋದಳು. ವಾಪಸ್ಸು ಬರುವಾಗ ಹಗ್ಗ ಅವಳೇ ಹಿಡಿದಳು. ಪಟೇಲ ನನ್ನ ಪಕ್ಕದಲ್ಲಿ ಹಿಂದೆ ಕುಳಿತು ಊರು ಬರುವ ತನಕ ಎಲೆ ಮಡಿಚಿ ಮಡಿಚಿ ಕೊಟ್ಟ.

ಗೆದ್ದೆ.

೧೮ ಜನವರಿ, ಶುಕ್ರವಾರ

ಅಂಕಮ್ಮನಿಗೆ ಎಲ್ಲ ಹೇಳಿದೆ. ಅವಳು ಕೇಳಿ, "ಅಂಗಾದ್ರೆ ಬತ್ತ ಓಯ್ತು," ಎಂದಳು.

"ಬತ್ತದ್ ಮಾತು ಈಗ್ಯಾಕೆ?"

"ಎರಡ್ ತಿಂಗ್ಳಿಂದ ನೀವು ಆಡ್ತಿರೋದು ಅದೊಂದೇ ಮಾತಲ್ವಾ?"

ಹೆಂಗಸರಿಗೆ ನಡೆದದ್ದು ನೆನಪಿರುವುದಿಲ್ಲ. ನಾನು ಯಾವತ್ತು ಭತ್ತದ ಹಿಂದೆ ಬಿದ್ದಿದ್ದೆ? ಸಾಲದೆ ಬಂದರೆ ರಾಗಿ ಮುದ್ದೆ ಇದೆ. ಈ ವರ್ಷ ಮೂವರೂ ಎರಡು ಹೊತ್ತೂ ಮುದ್ದೆ ಉಂಡರಾಯಿತು, ಮೈಗೂ ಗಟ್ಟಿ. ಹಾಗೆಂದೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗೊತ್ತಾಗದ ಹಾಗೆ ಒಳಗೆ ಹೋದಳು.

೨೮ ಜನವರಿ, ಸೋಮವಾರ

ಲೆವಿ ಹಾಕಿ ಬಂದೆವು.

ಗೋಡೌನಿನ ಮುಂದೆ ಗಾಡಿಗಳ ಸಾಲು ರೈಲ್ವೆ ಗೇಟಿನ ತನಕ ಇತ್ತು. ಎಲ್ಲರ ಮುಖವೂ ಹುಳ್ಳಗೆ. ನಮ್ಮ ಭತ್ತ ನೋಡಿ ತೂಕದವನು ಒಂದು ಹಿಡಿ ಬಾಚಿಕೊಂಡು, ಕಲ್ಲಿಲ್ಲ, ಜೊಳ್ಳಿಲ್ಲ, ಇಂಥದ್ದನ್ನು ಯಾರಯ್ಯಾ ಲೆವಿಗೆ ತರುತ್ತಾರೆ ಎಂದ. ತೂರಿದವಳು ಯಶೋದೆ. ಅವಳಿಗೆ ಲೆವಿಯ ಭತ್ತ ಬೇರೆ, ಮನೆಯ ಭತ್ತ ಬೇರೆ ಎಂದು ಮಾಡಲು ಬರುವುದಿಲ್ಲ. ಬೈದಿದ್ದೆ, ಕೇಳಲಿಲ್ಲ.

ನಮ್ಮ ಹಿಂದಿನ ಗಾಡಿ ಬಸರಾಳಿನ ಮರಿಯಯ್ಯನದು. ಹಿಂದೊಮ್ಮೆ ನನ್ನ ಹತ್ತಿರ ಹೋರಿ ಕೊಂಡಿದ್ದವನು. ಅವನು ಕಚೇರಿಗೆ ಬಂದವನಲ್ಲ, ಅವನಿಗೆ ಏನೂ ಗೊತ್ತಿರಲಿಲ್ಲ. ಗಾಡಿಯ ಮೇಲೆ ಮೂಟೆ ಸರಿಸುತ್ತಿದ್ದ ಯಶೋದೆಯನ್ನು ನೋಡಿ, ಮದುವೆಯಾದ ಹೆಣ್ಣುಮಕ್ಕಳನ್ನು ತವರೂರ ಕಡೆ ಕಂಡರೆ ಎಲ್ಲರೂ ಕೇಳುವುದನ್ನೇ ಕೇಳಿದ.

"ಏನ್ ಬೋರಣ್ಣ, ಮಗಳು ಬಂದವ್ಳಲ್ಲ. ಯಾವಾಗ್ ಬಂದ್ಲು?"

ಯಶೋದೆಯ ಕೈ ಮೂಟೆಯ ಮೇಲೆ ನಿಂತಿತು.

"ಓಗಿದ್ರಲ್ವಾ ಬರೋದು," ಎಂದೆ. "ಇಲ್ಲೇ ಅವ್ಳೆ ಕಣ್ಲಾ."

ಅವನು ನಾನು ರೇಗಿದೆ ಎಂದುಕೊಂಡು ತನ್ನ ಎತ್ತುಗಳ ಕಡೆ ತಿರುಗಿದ. ಸರದಿ ಬಂತು. ಮೇಲಿನಿಂದ ಅವಳು ಮೂಟೆ ತಳ್ಳಿದಳು, ನಾನು ಬೆನ್ನು ಕೊಟ್ಟೆ.